ಚಕ್ರದಕ್ಕನ ಅರವತ್ತು ಹೆಜ್ಜೆ

ಬೆಳಗಿನ ಐದೂಮುಕ್ಕಾಲು. ಸಗಟು ತರಕಾರಿ ಮಾರುಕಟ್ಟೆಯ ಹಿಂದಿನ ಇಳಿಜಾರು ಮೈದಾನದಲ್ಲಿ ಪಿಕಪ್ ಗಾಡಿಗಳು ಸಾಲಾಗಿ ನಿಂತಿವೆ. ಮಂಜು ನೆಲ ಬಿಟ್ಟು ಎದ್ದಿಲ್ಲ. ಟೈರುಗಳೆಲ್ಲ ಅದರಲ್ಲಿ ಮುಳುಗಿಹೋಗಿ, ಕ್ಯಾಬಿನ್‌ಗಳಷ್ಟೇ ನೀರಿನ ಮೇಲೆ ತೇಲುತ್ತಿರುವಂತೆ ಕಾಣುತ್ತವೆ. ರಾತ್ರಿಯಿಡೀ ಓಡಿ ಬಂದ ಇಂಜಿನ್‌ಗಳು ತಣ್ಣಗಾಗುತ್ತಾ ಟಿಕ್ ಟಿಕ್ ಎನ್ನುತ್ತಿವೆ. ಮೂರನೇ ಸಾಲಿನ ಒಂದು ಬಿಳಿ ಗಾಡಿಯೊಳಗೆ ಮಾತ್ರ ದೀಪ ಉರಿಯುತ್ತಿದೆ. ಡ್ರೈವರ್ ಸೀಟಿನಲ್ಲಿ ಚಕ್ಕಳಮಟ್ಟೆ ಹಾಕಿ ಕೂತ ಐವತ್ತೆರಡರ ಹೆಂಗಸೊಬ್ಬರು ಸ್ಟೇರಿಂಗ್ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದ್ದಾರೆ. ನಿದ್ದೆ ಬಂದಿದೆಯೇನೋ ಎಂದುಕೊಂಡು ನಾನು ಸದ್ದಿಲ್ಲದೆ ಪಕ್ಕದ ಬಾಗಿಲು ತೆರೆಯುತ್ತೇನೆ.

"ನಿದ್ದೆ ಅಲ್ಲ, ಬನ್ನಿ," ಎನ್ನುತ್ತಾರೆ ಕಣ್ಣು ತೆರೆಯದೆ. "ಕೈಗೆ ಸಿಗದ ಉಬ್ಬು ತಗ್ಗು ಕೆನ್ನೆಗೆ ಸಿಗುತ್ತೆ. ಇನ್ನೊಂದು ಸ್ವಲ್ಪ ಉಜ್ಜಬೇಕು ಇದನ್ನ."

ಇವರೇ ಚಕ್ರದಕ್ಕ. ಅವರ ನಿಜವಾದ ಹೆಸರು ಈ ಮೈದಾನದಲ್ಲಿ ಯಾರಿಗೂ ಬೇಕಾಗಿಲ್ಲ. ಸವೆದ ಸ್ಟೇರಿಂಗಿಗೆ ಹೊಸ ಹೊದಿಕೆ ಹೊಲಿಯುವುದು ಅವರ ಕೆಲಸ. ಹದಿನಾಲ್ಕು ವರ್ಷದಿಂದ, ಮಾರುಕಟ್ಟೆ ತೆರೆದಿರುವ ಪ್ರತಿದಿನವೂ, ಡ್ರೈವರ್‌ಗಳು ಸರಕು ಇಳಿಸಿ ಟೀ ಕುಡಿದು ಒಂದು ಸಣ್ಣ ನಿದ್ದೆ ತೆಗೆಯುವ ಹೊತ್ತಿನಲ್ಲಿ ಅವರ ಸೀಟು ಇವರದಾಗುತ್ತದೆ.

ನಮ್ಮಲ್ಲಿ ಎಷ್ಟು ಜನ ಸ್ಟೇರಿಂಗನ್ನು ನೋಡಿದ್ದೇವೆ? ಹಿಡಿಯುತ್ತೇವೆ, ತಿರುಗಿಸುತ್ತೇವೆ, ನೋಡುವುದಿಲ್ಲ. ನಾಲ್ಕೈದು ವರ್ಷ ಓಡಿದ ಪಿಕಪ್‌ನ ಸ್ಟೇರಿಂಗ್ ಎರಡು ಬಗೆಯಲ್ಲಿ ಕೆಡುತ್ತದಂತೆ. ಒಂದು, ಬಿಸಿಲಿಗೂ ಬೆವರಿಗೂ ಮೆತ್ತಗಾಗಿ ಅಂಟಂಟಾಗುವುದು. ಹಿಡಿದ ಕೈಗೆಲ್ಲ ಕಪ್ಪು ಮೆತ್ತಿಕೊಳ್ಳುತ್ತದೆ. ಇನ್ನೊಂದು, ಸವೆದು ಸವೆದು ತೊಳೆದ ಪಾತ್ರೆಯ ಹಾಗೆ ನುಣುಪಾಗುವುದು. "ಅಂಟೋದು ಬರೀ ಕಿರಿಕಿರಿ. ಜಾರೋದು ಜೀವಕ್ಕೇ ಸಂಚಕಾರ," ಎನ್ನುತ್ತಾ ಅವರು ಸ್ಯಾಂಡ್‌ಪೇಪರಿನ ತುಂಡನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ. ಕರಕರ ಸದ್ದು. ಕಪ್ಪು ಪುಡಿ ಮಡಿಲಿನ ಬಟ್ಟೆಯ ಮೇಲೆ ಉದುರುತ್ತದೆ.

ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ತೆಳ್ಳಗಿನ ಸ್ಪಂಜಿನ ಪಟ್ಟಿ ಸುತ್ತುತ್ತಾರೆ. ಅದರ ಮೇಲೆ ರೆಕ್ಸಿನ್. ರೆಕ್ಸಿನ್ನನ್ನು ಬೇಕಾದ ಅಳತೆಗಿಂತ ಎರಡು ಬೆರಳು ಕಮ್ಮಿಯೇ ಕತ್ತರಿಸಿರುತ್ತಾರೆ. ಎಳೆದು ತೊಡಿಸಿದರೆ ಮಾತ್ರ ಅದು ಮೈಗೆ ಕೂರುತ್ತದೆ. ಆಮೇಲೆ ಎರಡು ಸೂಜಿ, ಒಂದೇ ಉದ್ದನೆಯ ಮೇಣದ ನೂಲು. ಎಡ ಸೂಜಿ ಬಲಕ್ಕೆ, ಬಲ ಸೂಜಿ ಎಡಕ್ಕೆ. ಒಳಸುತ್ತಿನ ಉದ್ದಕ್ಕೂ ಜಡೆ ಹೆಣೆದ ಹಾಗೆ ಹೊಲಿಗೆ ಸಾಗುತ್ತದೆ. ಚಿಕ್ಕ ಸ್ಟೇರಿಂಗಿಗೆ ನೂರ ತೊಂಬತ್ತಾರು ಹೊಲಿಗೆ, ದೊಡ್ಡದಕ್ಕೆ ಇನ್ನೂರ ಇಪ್ಪತ್ತನಾಲ್ಕು. ಒಂದಕ್ಕೆ ಒಂದೂವರೆ ಗಂಟೆ. ದಿನಕ್ಕೆ ಮೂರು, ಬೆರಳು ಹೇಳಿದ ಮಾತು ಕೇಳಿದರೆ ನಾಲ್ಕು.

ಹೊಲಿಯುವಾಗ ಅವರ ಕಣ್ಣು ಎಲ್ಲೋ ಇರುತ್ತದೆ. ಕಿಟಕಿ ಗಾಜಿನ ಮೇಲೆ ಮಂಜಿನ ಹನಿಗಳು ಒಂದಕ್ಕೊಂದು ಸೇರಿ ಇಳಿಯುತ್ತವೆ. ಕ್ಯಾಬಿನ್‌ನಲ್ಲಿ ನಿನ್ನೆಯ ಸೌತೆಕಾಯಿಯ ವಾಸನೆ. ಮಾತು ತಾನಾಗಿ ಮೆಲ್ಲಗಾಗುತ್ತದೆ. "ಈ ಸೀಟಲ್ಲಿ ಕೂತ್ರೆ ನಂಗೊಂಥರಾ ಮಂಪರು," ಎನ್ನುತ್ತಾರೆ. "ಇವರೆಲ್ಲ ಹೋಗಿಬಂದ ದಾರಿ ಹೇಳ್ತಾರಲ್ಲ, ಅಲ್ಲಿ ಸೇತುವೆ, ಇಲ್ಲಿ ತಿರುವು, ಆ ಕಡೆ ಸಾಲುಮರ ಅಂತ. ಹೊಲೀತಾ ಹೊಲೀತಾ ನಾನೂ ಹೋಗಿಬರ್ತೀನಿ. ಗಾಡಿ ಮಾತ್ರ ನಿಂತಲ್ಲೇ ನಿಂತಿರುತ್ತೆ!"

*

ಈ ಕೆಲಸಕ್ಕೆ ಬರುವ ಮುಂಚೆ ಅವರು ಮನೆಯಲ್ಲೇ ಕೂತು ಚೆಂಡು ಹೊಲಿಯುತ್ತಿದ್ದರು. ಒಂದು ಕಾರ್ಖಾನೆಯವರು ತುಂಡುಗಳನ್ನು ತಂದುಕೊಡುತ್ತಿದ್ದರು. ಮೂವತ್ತೆರಡು ತುಂಡು ಸೇರಿದರೆ ಒಂದು ಕಾಲ್ಚೆಂಡು. ಅತ್ತೆ ನೂಲಿಗೆ ಮೇಣ ಹಚ್ಚುವುದು, ಸೊಸೆ ಹೊಲಿಯುವುದು. ಒಂದು ದಿನ ಕಾರ್ಖಾನೆಯೇ ಮುಚ್ಚಿತು. ಮನೆಯಲ್ಲಿ ಅರ್ಧ ಚೀಲ ತುಂಡುಗಳು ಹಾಗೇ ಉಳಿದವು.

ಅದೇ ವರ್ಷ ಅವರ ಗಂಡನಿಗೆ ಅಪಘಾತವಾಯಿತು. ಗಂಡನೂ ಪಿಕಪ್ ಡ್ರೈವರೇ. ಬೇಸಿಗೆಯ ಮಧ್ಯಾಹ್ನ, ತಿರುವಿನಲ್ಲಿ ಬೆವರಿದ ಕೈ ಸ್ಟೇರಿಂಗ್ ಮೇಲೆ ಜಾರಿ ಗಾಡಿ ಹಳ್ಳಕ್ಕಿಳಿಯಿತು. ಮಣಿಕಟ್ಟು ಮುರಿದು ಆರು ವಾರ ಮನೆಯಲ್ಲಿ ಕೂರಬೇಕಾಯಿತು. ಗ್ಯಾರೇಜಿನಲ್ಲಿದ್ದ ಗಾಡಿ ನೋಡಲು ಹೋದಾಕೆಗೆ ಕಂಡದ್ದು ಸೊಟ್ಟಗಾದ ಬಂಪರ್ ಅಲ್ಲ, ಮಿರಮಿರ ಹೊಳೆಯುತ್ತಿದ್ದ ಸ್ಟೇರಿಂಗ್.

"ಮುಟ್ಟಿ ನೋಡ್ದೆ. ಎಣ್ಣೆ ಸವರಿದ ಹಾಗಿತ್ತು. ಇಷ್ಟು ವರ್ಷ ಇವರು ಇದನ್ನ ಹಿಡ್ಕೊಂಡು ಮನೆಗೆ ಬಂದಿದ್ದಾರಲ್ಲ ಅಂದ್ಕೊಂಡೆ. ಮನೇಲಿದ್ದ ಚೆಂಡಿನ ತುಂಡೆಲ್ಲ ತಗೊಂಡು ಹೋಗಿ ಅಲ್ಲೇ ಕೂತು ಹೊಲಿದುಬಿಟ್ಟೆ."

ಒಂದು ತುಂಡು ಬಿಳಿ, ಒಂದು ತುಂಡು ನೀಲಿ. ಗಂಡ ಕೈ ಸರಿಯಾಗಿ ಮೈದಾನಕ್ಕೆ ಬಂದಾಗ ಉಳಿದ ಡ್ರೈವರ್‌ಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋಲ್ ಹೊಡೆಯೋಕೆ ಹೊರಟಿದ್ದೀಯೇನಪ್ಪಾ ಎಂದರು. ನಕ್ಕವರೇ ಒಬ್ಬೊಬ್ಬರಾಗಿ ಅದನ್ನು ಹಿಡಿದು ನೋಡಿದರು. ಒಂದು ವಾರದಲ್ಲಿ ಐದು ಜನ "ಅಕ್ಕನ್ನ ಕರ್ಕೊಂಡು ಬಾ, ನಮಗೂ ಒಂದು ಹಾಕಿಕೊಡ್ಲಿ. ಆದ್ರೆ ಕಪ್ಪು ಬಣ್ಣದ್ದು," ಎಂದರು. ಅಲ್ಲಿಂದ ಶುರು.

ಹೀಗೆ ಹನ್ನೊಂದು ವರ್ಷ ಕಳೆಯಿತು. ಸಾವಿರಾರು ಗಾಡಿಗಳ ಡ್ರೈವರ್ ಸೀಟಿನಲ್ಲಿ ಕೂತೆದ್ದರೂ ಒಂದನ್ನಾದರೂ ಒಂದು ಗೇಣು ಓಡಿಸಿದವರಲ್ಲ ಚಕ್ರದಕ್ಕ. ಯಾರೂ ಕಲಿ ಎಂದಿರಲಿಲ್ಲ, ಇವರೂ ಕೇಳಿರಲಿಲ್ಲ. ಕನಸಿನಲ್ಲಿ ಮಾತ್ರ ದಿನಾ ಪಯಣ. "ಕನಸಲ್ಲೂ ನಾನು ಪಕ್ಕದ ಸೀಟೇ ನೋಡಿ. ಓಡಿಸೋ ಸೀಟಲ್ಲಿ ಯಾರಿದ್ದಾರೆ ಅಂತ ತಿರುಗಿ ನೋಡೋಷ್ಟರಲ್ಲಿ ಎಚ್ಚರ ಆಗ್ತಿತ್ತು."

*

ಮೂರು ವರ್ಷದ ಹಿಂದಿನ ಚಳಿಗಾಲದ ಒಂದು ಬೆಳಿಗ್ಗೆ. ಅವತ್ತೂ ಮಂಜಿತ್ತು. ಸದಾ ಬಾಯಿ ತೆರೆದುಕೊಂಡೇ ಇರುವುದರಿಂದ ಎಲ್ಲರೂ 'ಆಕಳಿಕೆ' ಎಂದೇ ಕರೆಯುವ ಡ್ರೈವರೊಬ್ಬ ಎಲೆಕೋಸಿನ ಲೋಡ್ ತಂದು ಇಳಿಜಾರಿನ ಮೇಲ್ತುದಿಯಲ್ಲಿ ಗಾಡಿ ನಿಲ್ಲಿಸಿದ್ದ. ಹೊಲಿಯುವಾಗ ಸ್ಟೇರಿಂಗ್ ತಿರುಗಿಸಬೇಕಾದ್ದರಿಂದ ಅದಕ್ಕೆ ಬೀಗ ಬೀಳದ ಹಾಗೆ ಕೀಲಿ ಗಾಡಿಯಲ್ಲೇ ಬಿಡುವುದು ರೂಢಿ. ಬಿಟ್ಟ. ಹ್ಯಾಂಡ್‌ಬ್ರೇಕ್ ಎಳೆದ. ಗೇರಿಗೆ ಹಾಕುವುದನ್ನು ಮರೆತ. "ಅಕ್ಕಾ, ಒಂದು ಟೀ," ಎಂದು ಆಕಳಿಸುತ್ತಾ ಹೋದ.

ಅರ್ಧ ಸುತ್ತು ಹೊಲಿಗೆ ಮುಗಿದಿತ್ತು. ಹಿಂದೆ ಇನ್ನೊಂದು ಗಾಡಿ ತಿರುಗಿಸಿಕೊಳ್ಳುವಾಗ ಇದಕ್ಕೆ ಮೆಲ್ಲಗೆ ತಾಗಿತು. ಅಷ್ಟೇ ಸಾಕಾಯಿತು. ಸವೆದ ಬ್ರೇಕ್ ತಂತಿ ಕಿತ್ತುಕೊಂಡಿತು.

"ಪಕ್ಕದ ಗಾಡಿ ಹಿಂದಕ್ಕೆ ಹೋಗ್ತಿದೆ ಅಂದ್ಕೊಂಡೆ," ಎಂದು ನೆನೆಯುತ್ತಾರೆ ಚಕ್ರದಕ್ಕ. "ಅದಾದ್ಮೇಲೆ ಅದರ ಪಕ್ಕದ್ದೂ ಹೋಯ್ತು. ಅದರ ಪಕ್ಕದ್ದೂ. ಸದ್ದಿಲ್ಲ, ಗದ್ದಲ ಇಲ್ಲ. ಮಂಜು ಮಾತ್ರ ಗಾಜಿಗೆ ಬಂದು ಬಂದು ಎರಡಾಗಿ ಸೀಳ್ತಾ ಇತ್ತು. ದೇವರಾಣೆ ಹೇಳ್ತೀನಿ, ಕನಸೇ ಇರಬೇಕು ಅಂದ್ಕೊಂಡೆ. ಆಮೇಲೆ ಎದುರಿಗೆ ಆ ಹೆಂಗಸರು ಕಂಡ್ರು."

ಇಳಿಜಾರಿನ ಕೆಳಗೆ ಏಳು ಹೆಂಗಸರು ಈ ಕಡೆಗೆ ಬೆನ್ನು ಹಾಕಿ ಕೂತು ಈರುಳ್ಳಿ ಆರಿಸುತ್ತಿದ್ದರು. ಇಂಜಿನ್ ಸದ್ದೇ ಇಲ್ಲದ ಗಾಡಿ ಅವರ ಕಿವಿಗೆ ಬೀಳುವುದಾದರೂ ಹೇಗೆ? ಚಕ್ರದಕ್ಕ ಕೂಗಲು ಬಾಯಿ ತೆರೆದರು, ಗಂಟಲಿನಿಂದ ಗಾಳಿ ಮಾತ್ರ ಬಂತು. ಮಡಚಿಟ್ಟ ಕಾಲು ಜೋಮು ಹಿಡಿದಿತ್ತು. ಕೆಳಗೆ ಮೂರು ಪೆಡಲ್, ಯಾವುದು ಏನು ಮಾಡುತ್ತದೆಂದು ಗೊತ್ತಿಲ್ಲ. "ಹಾರನ್ ಹೊಟ್ಟೆ ಮುಂದೇನೇ ಇತ್ತು. ಅದೊಂದು ನೆನಪಾಗಿದ್ರೆ! ನೆನಪೇ ಆಗ್ಲಿಲ್ಲ ನೋಡಿ."

ನೆನಪಾದದ್ದು ಕೈಯಲ್ಲಿದ್ದ ಸ್ಟೇರಿಂಗ್ ಒಂದೇ. ಹೊಲಿಗೆ ಮುಗಿದಿದ್ದ ಅರ್ಧವನ್ನು ಎರಡೂ ಕೈಯಲ್ಲಿ ಹಿಡಿದು, ಎದೆಯ ಭಾರವನ್ನೆಲ್ಲ ಹಾಕಿ ಎಡಕ್ಕೆ ಎಳೆದರು. ತೂಗಾಡುತ್ತಿದ್ದ ಸೂಜಿ ಮುಂಗೈಗೆ ಚುಚ್ಚಿಕೊಂಡಿತು. ಇಂಜಿನ್ ಆರಿದ ಗಾಡಿಯ ಸ್ಟೇರಿಂಗ್ ಕಲ್ಲಿನ ಹಾಗಿರುತ್ತದೆ. ಮೊದಲು ಒಪ್ಪಲಿಲ್ಲ. ಮತ್ತೆ ಎಳೆದರು. ಗಾಡಿ ಯೋಚನೆ ಮಾಡುವವರ ಹಾಗೆ ನಿಧಾನಕ್ಕೆ ಮುಖ ತಿರುಗಿಸಿತು. ಈರುಳ್ಳಿ ರಾಶಿಯ ಅಂಚನ್ನು ಸವರಿಕೊಂಡು ಹೋಗಿ, ಖಾಲಿ ಪ್ಲಾಸ್ಟಿಕ್ ಕ್ರೇಟುಗಳ ಅಟ್ಟಿಯನ್ನು ಧಡಧಡ ಉರುಳಿಸಿ, ಅದರಾಚೆಗಿದ್ದ ಗೋಣಿಚೀಲಗಳ ರಾಶಿಗೆ ಮೂಗು ತೂರಿಸಿ ನಿಂತಿತು.

ಇಷ್ಟು ಹೊತ್ತೂ ಮೌನವಾಗಿದ್ದ ಮೈದಾನಕ್ಕೆ ಆಗ ಬಾಯಿ ಬಂತು. ನಾಲ್ಕು ದಿಕ್ಕಿನಿಂದ ಜನ ಓಡಿ ಬಂದರು. ಆಕಳಿಕೆ ಟೀ ಲೋಟ ಹಿಡಿದುಕೊಂಡೇ ಓಡಿಬಂದು, ಲೋಟವನ್ನು ಯಾರ ಕೈಗೋ ತುರುಕಿ, ಗಾಡಿಯ ಪಕ್ಕ ನೆಲದ ಮೇಲೆ ಕೂತು ಗೊಳೋ ಎಂದು ಅತ್ತ. ಅವತ್ತಿನಿಂದ ಅವನು ಈ ಮೈದಾನದಲ್ಲಿ ಆಕಳಿಸಿದ್ದನ್ನು ಕಂಡವರಿಲ್ಲ. ಹೆಸರು ಮಾತ್ರ ಹೋಗಿಲ್ಲ. ಈರುಳ್ಳಿಯ ಹೆಂಗಸರಲ್ಲಿ ಹಿರಿಯಾಕೆ ಬಂದು ಚಕ್ರದಕ್ಕನ ಮುಂಗೈಯಿಂದ ಸೂಜಿ ಕಿತ್ತು, ತಮ್ಮ ಸೆರಗಿನಿಂದ ರಕ್ತ ಒರೆಸಿದರು.

ಚಕ್ರದಕ್ಕ ಇಳಿದು, ಗಾಡಿ ಮೊದಲು ನಿಂತಿದ್ದ ಜಾಗದಿಂದ ಗೋಣಿಚೀಲದವರೆಗೆ ನಡೆದುಬಂದರು. ಅರವತ್ತು ಹೆಜ್ಜೆ. ಯಾಕೆ ಎಣಿಸಿದರೋ ಅವರಿಗೇ ಗೊತ್ತಿಲ್ಲ. ಆಮೇಲೆ ಮತ್ತೆ ಹತ್ತಿ ಕೂತು ಉಳಿದರ್ಧ ಹೊಲಿದು ಮುಗಿಸಿಯೇ ಮನೆಗೆ ಹೋದರು.

*

ಅವರು ಮನೆ ತಲುಪುವಷ್ಟರಲ್ಲಿ ಸುದ್ದಿ ಹನ್ನೊಂದು ಬಾಯಿ ದಾಟಿ ಬಂದಿತ್ತು. ಗಂಡ ಹೊಸ್ತಿಲಲ್ಲೇ ನಿಂತು ಎಗರಾಡಿದರು. ಇನ್ನು ಆ ಮೈದಾನದ ಕಡೆ ತಲೆ ಹಾಕಿದರೆ ನೋಡು ಎಂದರು. ಕಿಟಕಿಯ ಪಕ್ಕದ ಸ್ಟೂಲಿನಲ್ಲಿ ಎಪ್ಪತ್ತಾರರ ಅತ್ತೆ ಮೇಣದ ಉಂಡೆಯೊಳಗೆ ನೂಲು ಎಳೆಯುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಮಗನ ಕೂಗಾಟ ಮುಗಿದು ಅವರು ಬಚ್ಚಲಿಗೆ ಹೋದ ಮೇಲೆ ಸೊಸೆಯನ್ನು ಹತ್ತಿರ ಕರೆದರು.

"ಎಷ್ಟು ದೂರ ಹೋದ್ಯೇ?"

"ಅರವತ್ತು ಹೆಜ್ಜೆ, ಅತ್ತೆ."

ಅತ್ತೆ ಇನ್ನೊಂದು ನೂಲು ಎಳೆದರು. "ಚೆನ್ನಾಗಿತ್ತಾ?"

ಅಲ್ಲಿಯವರೆಗೂ ಒಂದು ಹನಿ ಕಣ್ಣೀರು ಹಾಕದಿದ್ದ ಚಕ್ರದಕ್ಕ ಅಲ್ಲೇ ಕುಸಿದು ಕೂತು ಅತ್ತರು. "ಏಳು ಜನ ಸತ್ತುಹೋಗ್ತಿದ್ರು," ಎಂದು ಈಗ ನನಗೆ ಹೇಳುತ್ತಾರೆ. "ನನಗೆ ಹೆದರಿಕೇನೇ ಆಗಬೇಕಿತ್ತು, ಆಗಿತ್ತು ಕೂಡ. ಆದ್ರೆ ಗಾಡಿ ನನ್ನ ಮಾತು ಕೇಳಿ ತಿರುಗಿತಲ್ಲ, ಆ ಒಂದು ಗಳಿಗೆ... ಅದನ್ನ ಯಾರ ಹತ್ರ ಹೇಳೋದು? ಹೇಳಿದ್ರೆ ಏನಂದ್ಕೋತಾರೆ? ಅತ್ತೆ ತಾವಾಗೇ ಕೇಳಿಬಿಟ್ರು. ಚೆನ್ನಾಗಿತ್ತು ಅತ್ತೆ ಅಂದೆ."

"ಹಾಗಾದ್ರೆ ಕಲೀ," ಎಂದರು ಅತ್ತೆ.

ಗಂಡನನ್ನು ಒಪ್ಪಿಸಲು ಎರಡು ತಿಂಗಳು ಹಿಡಿಯಿತು. ಹೊಲಿಯೋದೇ ಬೇರೆ, ಓಡಿಸೋದೇ ಬೇರೆ ಎಂಬ ಒಂದೇ ಪಲ್ಲವಿ. ಈಗ ಅದನ್ನು ಕೇಳಿದರೆ ಆ ಮನುಷ್ಯ ತಲೆ ಕೆರೆದುಕೊಳ್ಳುತ್ತಾರೆ. "ನನ್ನ ಕೈ ಜಾರಿದ್ದು ನನಗೆ ಗೊತ್ತಲ್ಲ ಸಾರ್. ಇವಳನ್ನ ಆ ಸೀಟಲ್ಲಿ ಕೂರಿಸೋಕೆ ಹೆದರಿಕೆ ಅಂತ ಬಾಯಿಬಿಟ್ಟು ಹೇಳೋಕೆ ಬರ್ಲಿಲ್ಲ. ಅದಕ್ಕೇ ಬೈದೆ."

ಮಾರುಕಟ್ಟೆಗೆ ರಜೆಯಿರುವ ದಿನ ಖಾಲಿ ಮೈದಾನದಲ್ಲಿ ಪಾಠ. ಮೂರು ಜನರ ಸೀಟಿನಲ್ಲಿ ಸೊಸೆ, ಮಗ, ನಡುವೆ ಅತ್ತೆ. ಮಗ ದನಿ ಏರಿಸಿದರೆ ತಾಯಿ ಮೊಣಕೈಯಲ್ಲಿ ತಿವಿಯುವುದು ಎಂದು ಮೊದಲೇ ಕರಾರಾಗಿತ್ತು. "ಕಲಿತು ಮುಗಿಯೋ ಹೊತ್ತಿಗೆ ನನ್ನ ಪಕ್ಕೆಲುಬು ಹಣ್ಣಾಗಿತ್ತು," ಎನ್ನುತ್ತಾರೆ ಮಗರಾಯರು.

ಮೊದಲ ಪರೀಕ್ಷೆಯಲ್ಲಿ ಚಕ್ರದಕ್ಕ ಫೇಲ್. ಕಾರಣ ಕೇಳಿದರೆ ನಗು ಬರುತ್ತದೆ. ಹನ್ನೊಂದು ವರ್ಷ ಸ್ಟೇರಿಂಗನ್ನೇ ನೋಡಿದ ಕಣ್ಣು ರಸ್ತೆಗೆ ಏಳಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಅಧಿಕಾರಿ ಮೂರು ಸಲ "ರಸ್ತೆ ನೋಡಮ್ಮಾ, ಅದನ್ನಲ್ಲ," ಎಂದರಂತೆ. ನಾಲ್ಕನೇ ಸಲ ಇಳಿಸಿಬಿಟ್ಟರು. ಒಂದು ತಿಂಗಳ ನಂತರ ಎರಡನೇ ಪರೀಕ್ಷೆ. ಅವತ್ತು ರೆಪ್ಪೆ ಕೂಡ ಮಿಟುಕಿಸಲಿಲ್ಲವಂತೆ. ಪಾಸಾದರು. ಲೈಸೆನ್ಸಿನ ಫೋಟೋದಲ್ಲಿ ಕಣ್ಣು ಇನ್ನೂ ಹಾಗೇ ಅಗಲವಾಗಿದೆ.

ಈಗ ಕನಸಿನಲ್ಲಿ ಯಾವ ಸೀಟು ಎಂದು ಕೇಳುತ್ತೇನೆ. "ಈಗ ಕನಸೆಲ್ಲಿ ಬೀಳುತ್ತೆ? ಓಡಿಸಿ ಓಡಿಸಿ ಸುಸ್ತಾಗಿ ಮಲಗಿದ್ರೆ ಬೆಳಗಾಗಿಬಿಟ್ಟಿರುತ್ತೆ," ಎಂದು ನಕ್ಕು ನೂಲು ಕಚ್ಚಿ ತುಂಡು ಮಾಡುತ್ತಾರೆ.

*

ಲೈಸೆನ್ಸ್ ಕೈಗೆ ಬಂದ ಮೇಲೆ ಮೊದಲ ದೂರದ ಓಟ ಗಂಡನ ಗಾಡಿಯಲ್ಲೇ. ಮೂಲಂಗಿ ಲೋಡ್, ನಲವತ್ತು ಕಿಲೋಮೀಟರ್. ಗಂಡ ಪಕ್ಕದಲ್ಲಿ. ಮುಂಜಾವದ ರಸ್ತೆ, ಎರಡೂ ಬದಿಗೆ ಮರಗಳು, ಅವುಗಳ ನೆರಳು ಒಂದೊಂದಾಗಿ ಗಾಜಿನ ಮೇಲೆ ಹಾದು ತೊಡೆಯ ಮೇಲೆ ಇಳಿದು ಹೋಗುತ್ತಿತ್ತು. ಗಾಡಿ ಓಡುತ್ತಿದೆಯೋ ಭೂಮಿಯೇ ಹಿಂದಕ್ಕೆ ಸರಿಯುತ್ತಿದೆಯೋ ತಿಳಿಯದಂಥ ಸುಖ. ಅರ್ಧ ದಾರಿಯಲ್ಲಿ ಬಲಗೈ ಹೆಬ್ಬೆರಳು ನೋಯತೊಡಗಿತು. ಏನೋ ಒತ್ತುತ್ತಿದೆ. ಇನ್ನೂ ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಉರಿ.

ರಸ್ತೆ ಬದಿಗೆ ಗಾಡಿ ನಿಲ್ಲಿಸಿ ನೋಡಿದರು. ಹೊಲಿಗೆ ಮುಗಿಸಿ ಹಾಕಿದ ಕೊನೆಯ ಗಂಟು. ಮೇಣ ಹಚ್ಚಿದ ನೂಲಿನ ಗಟ್ಟಿ ಗಂಟು, ಕಡಲೆಕಾಳಿನ ಅರ್ಧದಷ್ಟು, ಸ್ಟೇರಿಂಗಿನ ಬಲಗಡೆಯ ಅಡ್ಡಕಡ್ಡಿಯ ಪಕ್ಕ, ಸರಿಯಾಗಿ ಹೆಬ್ಬೆರಳು ಕೂರುವ ಜಾಗದಲ್ಲಿ. ಹೊಲಿಯುವ ಕೈಗೆ ಅಲ್ಲಿ ಮುಗಿಸುವುದು ಸಲೀಸು. ಮೊದಲ ದಿನದಿಂದ ಪ್ರತಿಯೊಂದನ್ನೂ ಅಲ್ಲೇ ಮುಗಿಸಿದ್ದರು.

"ಇದು ಚುಚ್ಚುತ್ತಲ್ರೀ," ಎಂದರು ಗಂಡನಿಗೆ.

"ಇರುತ್ತೆ ಬಿಡು. ಅಭ್ಯಾಸ ಆಗುತ್ತೆ."

"ನಿಮಗೂ ಚುಚ್ತಿತ್ತಾ? ಇಷ್ಟು ವರ್ಷ?"

ಗಂಡನ ಬಲ ಹೆಬ್ಬೆರಳಿನ ಮೇಲೆ ಹಳದಿಗಟ್ಟಿದ ಜಡ್ಡು. ಅದನ್ನು ಈಕೆ ಸಾವಿರ ಸಲ ನೋಡಿದ್ದರು, ಡ್ರೈವರ್ ಕೈ ಇರೋದೇ ಹೀಗೆ ಎಂದುಕೊಂಡಿದ್ದರು.

"ಯಾಕ್ರೀ ಹೇಳ್ಲಿಲ್ಲ?"

"ನೀನು ಹೊಲಿದಿದ್ದಲ್ವಾ," ಎಂದರು ಗಂಡ. ಅಷ್ಟೇ.

ಅವತ್ತು ಮೂಲಂಗಿ ಅರ್ಧ ಗಂಟೆ ತಡವಾಗಿ ತಲುಪಿತು. ಚಕ್ರದಕ್ಕ ರಸ್ತೆ ಬದಿಯಲ್ಲೇ ಚೀಲದಿಂದ ಸೂಜಿ ತೆಗೆದು, ಕೊನೆಯ ಹತ್ತು ಹೊಲಿಗೆ ಬಿಚ್ಚಿ, ನೂಲನ್ನು ಅಡಿಯ ತನಕ ಸಾಗಿಸಿ, ಯಾರ ಕೈಯೂ ಕೂರದ ಕಡೆ ರೆಕ್ಸಿನ್ನಿನ ಒಳಗೆ ಗಂಟು ಹುದುಗಿಸಿದರು. ಮರುದಿನ ಬೆಳಿಗ್ಗೆ ಮೈದಾನಕ್ಕೆ ಬಂದು ಎದುರಿಗೆ ಸಿಕ್ಕ ಮೊದಲ ಡ್ರೈವರ್‌ನ ಕೈ ಹಿಡಿದು ತಿರುಗಿಸಿ ನೋಡಿದರು. ಹೆಬ್ಬೆರಳಲ್ಲಿ ಜಡ್ಡು. ಎರಡನೆಯವನಿಗೂ ಜಡ್ಡು. ಆಕಳಿಕೆಗೆ ಜಡ್ಡು ಒಡೆದು ಗಾಯವೇ ಆಗಿತ್ತು. "ನನ್ನ ಚರ್ಮಾನೇ ಸರಿ ಇಲ್ಲ ಅಂದ್ಕೊಂಡಿದ್ದೆ ಅಕ್ಕಾ," ಎಂದನಂತೆ ಅವನು.

"ಒಬ್ಬರಾದ್ರೂ ಬಾಯಿ ಬಿಟ್ಟಿಲ್ಲ. ಅಕ್ಕನಿಗೆ ಬೇಜಾರಾಗುತ್ತೆ ಅಂತೆ! ನಾನೋ, ಕೈ ಜಾರಬಾರದು ಅಂತ ಹೊರಟವಳು, ಊರಿನ ಹೆಬ್ಬೆರಳಿಗೆಲ್ಲ ಮುಳ್ಳು ನೆಟ್ಟಿದ್ದೆ. ಆ ಸೀಟಲ್ಲಿ ಕೂತು ಹೊಲಿದೆನೇ ಹೊರತು ಒಂದು ದಿನ ಓಡಿಸಿ ನೋಡಿದ್ನಾ?"

ಎರಡು ವರ್ಷದಿಂದ ಹಳೆಯ ಗಂಟು ಬಿಚ್ಚದೆ ಅವರ ದಿನ ಮುಗಿಯುವುದಿಲ್ಲ. ಒಂದಕ್ಕೆ ಕಾಲು ಗಂಟೆ. ಅದಕ್ಕೆ ಕಾಸು ಕೊಡಲು ಹೋದವರು ಬೈಸಿಕೊಂಡಿದ್ದಾರೆ. ಕತ್ತರಿಸಿದ ಗಂಟುಗಳನ್ನೆಲ್ಲ ಮನೆಗೆ ಒಯ್ದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾರೆ. ವಾರಕ್ಕೊಮ್ಮೆ ಅತ್ತೆ ಕನ್ನಡಕ ಹಾಕಿಕೊಂಡು ಎಣಿಸುತ್ತಾರೆ. ಮೊನ್ನೆಗೆ ಆರುನೂರ ಹನ್ನೆರಡು.

ಮಾತಾಡುತ್ತಿರುವಂತೆಯೇ ಮಂಜು ಕರಗಿ ಟೈರುಗಳು ನೆಲಕ್ಕಿಳಿದಿವೆ. ಬಿಸಿಲು ಸೀಟಿನ ಮೇಲೆ ಚೌಕವಾಗಿ ಬಿದ್ದಿದೆ. ಬಿಳಿ ಗಾಡಿಯ ಕೆಲಸ ಮುಗಿಯಿತು. ಇವರು ಹೊಸ ಹೊದಿಕೆಯ ಮೇಲೆ ಎರಡೂ ಹೆಬ್ಬೆರಳನ್ನು ಒಂದು ಸುತ್ತು ಓಡಿಸಿ ನೋಡಿ ಇಳಿಯುತ್ತಾರೆ. ನಿಮ್ಮ ಬಗ್ಗೆ ಬರೆಯುವಾಗ ಮುಖ್ಯವಾಗಿ ಏನು ಹೇಳಬೇಕು ಎಂದು ಕೇಳುತ್ತೇನೆ. ಅಷ್ಟು ಹೆಂಗಸರ ಜೀವ ಉಳಿದದ್ದೋ, ಲೈಸೆನ್ಸ್ ಸಿಕ್ಕಿದ್ದೋ ಎಂದು ನನ್ನ ಊಹೆ.

ಅವರು ಸೂಜಿಗಳನ್ನು ಬಟ್ಟೆಗೆ ಚುಚ್ಚಿ, ಬಟ್ಟೆ ಸುತ್ತಿ, ಚೀಲಕ್ಕೆ ಹಾಕುತ್ತಾರೆ.

"ನನ್ನ ಬಗ್ಗೆ ಏನಾದ್ರೂ ಬರ್ಕೊಳ್ಳಿ. ಇದೊಂದನ್ನ ಮಾತ್ರ ಸರಿಯಾಗಿ ಹಾಕಿ. ನಾನು ಹೊಲಿದ ಗಾಡಿ ಎಷ್ಟೋ ಕೈ ಬದಲಾಗಿ ಎಲ್ಲೆಲ್ಲಿಗೋ ಹೋಗಿದಾವೆ, ನನಗೆ ಹುಡುಕೋಕಾಗಲ್ಲ. ಒಳಸುತ್ತಲ್ಲಿ ಜಡೆ ಹೊಲಿಗೆ ಇದ್ದು, ಬಲ ಹೆಬ್ಬೆರಳಿಗೆ ಗಂಟು ಚುಚ್ಚುತ್ತಾ ಇದ್ರೆ, ಅದು ನಿಮ್ಮ ಕೈ ತಪ್ಪಲ್ಲ, ನಂದು. ಮಾರುಕಟ್ಟೆ ಹಿಂದಿನ ಮೈದಾನಕ್ಕೆ ಬನ್ನಿ. ಕಾಲು ಗಂಟೆ ಸಾಕು. ಬೆಳಿಗ್ಗೆ ಆರಕ್ಕೆಲ್ಲ ಇಲ್ಲೇ ಇರ್ತೀನಿ."